ಹೊಸ ನೀರು

ಅಳಿವೆಯ ಬಾಯಿ ದಾಟಿ ದೋಣಿಯ ಮೂತಿ ಕಡಲಿಗೆ ತಿರುಗುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಯಿತು. ಮೊದಲು ಅಲೆ ಹೋಯಿತು, ಬೆನ್ನಿಗೇ ಅಲೆಯ ಸದ್ದು, ಕೊನೆಗೆ ಕಂಪ್ಯೂಟರಿನ ಫ್ಯಾನು ನಿಟ್ಟುಸಿರಿಟ್ಟು ನಿಂತಿತು. ಮೇಜಿಗೆ ಬಿಗಿದ ಆಟದ ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಮಾವ, ಮೂಗಿನಲ್ಲಿದ್ದ ಆಮ್ಲಜನಕದ ನಳಿಕೆಯನ್ನು ಸರಿಪಡಿಸಿಕೊಂಡು ಸೊಸೆಯ ಕಡೆ ತಿರುಗಿದರು.

“ಮತ್ತೆ ಮುಳುಗಿಸಿದೆಯಲ್ಲಮ್ಮ. ತಲೆ ನರೆಯೋ ತನಕ ದೋಣೀಲಿ ಜನಗಳನ್ನ ಹೊಳೆ ದಾಟಿಸಿದೆ, ಒಬ್ಬರ ಚಪ್ಪಲಿ ನೆನೆದಿರಲಿಲ್ಲ. ನಿನ್ನ ಕಾರ್ಡು ದಿನಾ ಮುಳುಗಿಸ್ತಿದೆ.”

“ಕುಣಿಯೋಕೆ ಬರದವರು ನೆಲ ಡೊಂಕು ಅಂದ್ರಂತೆ. ತಿರುವಿನಲ್ಲಿ ಅಷ್ಟು ಜೋರಾಗಿ ಹೋದ್ರೆ ಇನ್ನೇನಾಗುತ್ತೆ ಮಾವ?” ಎಂದು ನಗುತ್ತಲೇ ಸೊಸೆ ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿದಳು.

ಆ ಗ್ರಾಫಿಕ್ಸ್ ಕಾರ್ಡನ್ನು ತಂದು ಹಾಕಿದವಳು ಅವಳೇ. ಬೆಳಗಿನ ಹೊತ್ತು ಅದೇ ಕಂಪ್ಯೂಟರಿನಲ್ಲಿ ಅವಳು ಮನೆಗಳ ನಕ್ಷೆ ಬರೆಯುವಳು. ಮಧ್ಯಾಹ್ನವಾದರೆ ಅದು ಮಾವನ ದೋಣಿ. ಹಳೆಯ ಕಾರ್ಡಿನಲ್ಲಿ ಕಡಲೆಂದರೆ ಹಾಸಿದ ನೀಲಿ ಬಟ್ಟೆ. ಹೊಸದರಲ್ಲಿ ನೀರು ನೀರಾಗಿತ್ತು. ಮೋಡ ಸರಿದರೆ ಬಣ್ಣ ಬದಲಿಸುತ್ತಿತ್ತು. ದೋಣಿಯ ಹಿಂದೆ ನೊರೆ ಬಿಚ್ಚಿಕೊಂಡು ಬಹಳ ಹೊತ್ತು ಉಳಿಯುತ್ತಿತ್ತು. ಮೊದಲ ದಿನ ಮಾವ ಪರದೆಗೆ ಬೆರಳು ತಾಗಿಸಿ, ಆ ಬೆರಳನ್ನು ಅಂಗಿಗೆ ಒರೆಸಿಕೊಂಡಿದ್ದರು. ಶ್ವಾಸಕೋಶ ಸೋತ ಮೇಲೆ, ಮೇಜಿನ ಕೆಳಗೆ ಗುಂಯ್‌ಗುಡುವ ಆಮ್ಲಜನಕದ ಯಂತ್ರದ ನಳಿಕೆ ಎಷ್ಟುದ್ದವೋ ಅಷ್ಟೇ ಅವರ ಲೋಕ. ಆ ನಳಿಕೆ ಯಾವ ನೀರಿನ ತನಕವೂ ಮುಟ್ಟುತ್ತಿರಲಿಲ್ಲ.

ಸೊಸೆ ಹಟಕ್ಕೆ ಬಿದ್ದಳು. ಕಾರ್ಡನ್ನು ನಡೆಸುವ ಹಳೆಯ ಡ್ರೈವರ್ ತಂತ್ರಾಂಶವನ್ನು ಬೇರುಸಹಿತ ಕಿತ್ತು ಹೊಸದನ್ನು ಹಾಕಿದಳು. ಕಾರ್ಡನ್ನು ಹೊರತೆಗೆದು, ಧೂಳು ಊದಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿದಳು. ಕಾವು ಅಳೆದು ನೋಡಿದಳು, ಜ್ವರವಿರಲಿಲ್ಲ. ಆದರೂ ದೊಡ್ಡ ಅಲೆಗಳೆದುರು ದೋಣಿ ಕತ್ತಲಾಗುವುದು ತಪ್ಪಲಿಲ್ಲ. ಕೊನೆಗೆ ರಿಪೇರಿಯವನಿಗೆ ಫೋನು ಮಾಡಿದಳು.

“ಮೂಗಿಗಿಂತ ಮೂಗುತಿ ಭಾರ ಆಗಿದೆ ಅಕ್ಕ,” ಎಂದ ಅವನ ದೊಡ್ಡ ದನಿ ಕೋಣೆಗೆಲ್ಲ ಕೇಳಿಸಿತು. “ಕಾರ್ಡ್ ದೈತ್ಯ, ಒಳಗಿರೋ ಪವರ್ ಸಪ್ಲೈ ಬಡಪಾಯಿ. ಅಲೆ ಎದ್ದಾಗ ಕಾರ್ಡ್ ಜಾಸ್ತಿ ಕರೆಂಟ್ ಎಳೆಯುತ್ತೆ. ಅದೇ ಹೊತ್ತಿಗೆ ಮನೇಲಿ ಇನ್ನೊಂದು ಮೋಟಾರು ಎಳೆದ್ರೆ ಮುಗೀತು ಕಥೆ. ದೊಡ್ಡ ಸಪ್ಲೈ ತರಿಸ್ತೀನಿ, ಅಲ್ಲೀವರೆಗೆ ತಡ್ಕೊಳ್ಳಿ.”

ಮಾವ ಕೇಳಿಸಿಕೊಳ್ಳದವರಂತೆ ಕಿಟಕಿಯ ಕಡೆ ನೋಡುತ್ತಿದ್ದರು.

ಮರುದಿನ ಮಧ್ಯಾಹ್ನ, ಆ ಇನ್ನೊಂದು ಮೋಟಾರು ಫ್ರಿಜ್ಜಿನದೇ ಎಂದುಕೊಂಡು ಅವಳು ಅದರ ಪ್ಲಗ್ಗು ಕಿತ್ತಳು. ದೋಣಿ ಕಡಲಿಗಿಳಿಯಿತು. ಅದರ ಮರುದಿನವೂ ಇಳಿಯಿತು. ಗೆದ್ದವಳ ಗತ್ತಿನಲ್ಲಿ ಅವಳು ರಿಪೇರಿಯವನಿಗೆ ಏನೂ ತರಿಸುವುದು ಬೇಡವೆಂದಳು. ಆಮೇಲಿನ ಮಧ್ಯಾಹ್ನಗಳು ಕನಸಿನೊಳಗೆ ಕನಸು ಬಿದ್ದಂತೆ ಕಳೆದವು. ಕಿಟಕಿ ಮುಚ್ಚಿದ ಕೋಣೆಯ ಗೋಡೆಗಳ ಮೇಲೆ ನೀರಿನ ಬೆಳಕು ಆಡುತ್ತಿತ್ತು. ಸ್ಪೀಕರಿನ ಅಲೆಗಳು ಅಡುಗೆಮನೆಯ ತನಕ ಬಂದು ಹಿಂದಿರುಗುತ್ತಿದ್ದವು; ಪಾತ್ರೆ ಒರೆಸುತ್ತ ಅವಳು ನಿಂತಲ್ಲೇ ತುಸು ತೂಗುತ್ತಿದ್ದಳು. ಮಾವ ದಿನದಿಂದ ದಿನಕ್ಕೆ ದೂರ ಹೋಗುತ್ತಿದ್ದರು. “ಉಪ್ಪಿನ ವಾಸನೆ ಬರ್ತಿದೆ ಕಣಮ್ಮ,” ಎಂದರು ಒಮ್ಮೆ, ನಿದ್ದೆಗಣ್ಣಿನ ದನಿಯಲ್ಲಿ. ಒಳ್ಳೆಯ ಕಾರ್ಡೇ ತಂದಿದ್ದೇನೆ ಎಂದು ಅವಳು ಹಿಗ್ಗಿದಳು.

ಒಂದು ಮಧ್ಯಾಹ್ನ ಅವಳು ಆ ಕೋಣೆಯಲ್ಲಿದ್ದಾಗ ಫೋನು ಬಂತು. ಮಾತು ಕೇಳಿಸಲೆಂದು ಸ್ಪೀಕರಿನ ಸದ್ದು ಅಡಗಿಸಿದಳು. ಕಡಲು ನಿಂತಿತು. ಕಡಲಿನಡಿಯಲ್ಲಿ ಇರಬೇಕಿದ್ದ ಇನ್ನೊಂದು ಸದ್ದು ಇರಲಿಲ್ಲ. ಮೇಜಿನ ಕೆಳಗೆ ಆಮ್ಲಜನಕದ ಯಂತ್ರದ ದೀಪ ಆರಿತ್ತು. ನಳಿಕೆ ಮಾವನ ಮೂಗಿನಲ್ಲೇ ಇತ್ತು, ಬರೀ ಮರ್ಯಾದೆಗೆ. ಚುಕ್ಕಾಣಿ ಹಿಡಿದ ಬೆರಳುಗಳ ಉಗುರು ನೀಲಿಗಟ್ಟಿತ್ತು. ಮನೆಯ ಮೋಟಾರುಗಳನ್ನೆಲ್ಲ ಲೆಕ್ಕ ಹಾಕಿದ್ದ ಅವಳಿಗೆ ಇದೊಂದು ಹೊಳೆದೇ ಇರಲಿಲ್ಲ. ಉಸಿರನ್ನು ಮೋಟಾರಿನ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ?

“ಯಾವಾಗಿಂದ ಮಾವ?” ಕೈಯಲ್ಲಿದ್ದ ಫೋನಿನೊಳಗೆ ಯಾರೋ ಹಲೋ ಹಲೋ ಎನ್ನುತ್ತಲೇ ಇದ್ದರು.

“ಆ ರಿಪೇರಿಯವನು ಮೋಟಾರು ಅಂದನಲ್ಲ, ಆವತ್ತಿಂದ, ದೋಣಿ ಬಿಡೋ ಹೊತ್ತಲ್ಲಿ ಮಾತ್ರ. ಈ ಯಂತ್ರ ಉಸಿರೆಳೆದಾಗಲೆಲ್ಲ ಬಲ್ಬು ಮಂಕಾಗೋದನ್ನ ನಾನು ಮೊದಲೇ ನೋಡಿದ್ದೆ.” ಮಾತಿನ ನಡುವೆ ಅವರು ಗಾಳಿಗಾಗಿ ಕಾದರು. “ಫ್ರಿಜ್ಜು ಫ್ರಿಜ್ಜು ಅಂತ ನೀನೇ ಕುಣಿದಾಡಿದೆ. ನಾನ್ಯಾಕೆ ಅಲ್ಲ ಅನ್ಲಿ?”

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಆ ಕ್ಷಣವೇ ನೀನು ಹಳೇ ಕಾರ್ಡು ಹಾಕ್ತಿದ್ದೆ. ಆ ನೀಲಿ ಬಟ್ಟೆ ಮೇಲೆ ಇನ್ನೆಷ್ಟು ದಿನ ಹೋಗ್ಲಮ್ಮ?”

ಅವಳು ಮೊಣಕಾಲೂರಿ ಮೇಜಿನ ಕೆಳಗೆ ಕೈ ಚಾಚಿದಳು. “ನಾಳೇನೇ ದೊಡ್ಡ ಸಪ್ಲೈ ಹಾಕಿಸ್ತೀನಿ. ಇವತ್ತಿಗೆ ಸಾಕು.”

“ಒಂದು ಗಳಿಗೆ ತಾಳು. ದಡ ಕಾಣ್ತಿದೆ.”

ಅವಳು ತಾಳಲಿಲ್ಲ. ಗುಂಡಿ ಒತ್ತಿದಳು. ಯಂತ್ರ ಮೈ ನಡುಗಿಸಿ ದೀರ್ಘವಾಗಿ ಉಸಿರೆಳೆದುಕೊಂಡಿತು, ಪರದೆ ಕಪ್ಪಾಯಿತು, ಗೋಡೆಗಳ ಮೇಲಿನ ನೀರೆಲ್ಲ ಇಂಗಿಹೋಯಿತು.

ಮಾವನ ಕೈಗಳು ಮಾತ್ರ ನಿಲ್ಲಲಿಲ್ಲ. ಕಪ್ಪು ಗಾಜಿನೆದುರು ಚುಕ್ಕಾಣಿ ತುಸು ಎಡಕ್ಕೆ ಹೊರಳಿತು, ಮತ್ತೆ ನೇರವಾಯಿತು.

“ಏನೂ ಕಾಣ್ತಿಲ್ವಲ್ಲ ಮಾವ,” ಎಂದಳು ಅವಳು, ನೆಲದ ಮೇಲಿಂದಲೇ.

“ಮಂಜು ಕವಿದಾಗಲೂ ಕಾಣ್ತಿರಲಿಲ್ಲ,” ಎಂದರು ಅವರು. “ಸುಮ್ಮನಿರು. ದಡ ಹತ್ತಿರ ಬಂದ್ರೆ ಕೇಳಿಸುತ್ತೆ.”