ಕರಿಯ ನೀರು ಕುಡಿಯದ ಮಧ್ಯಾಹ್ನ

ಒಣಹಾಕಿದ ಬೀಸುಬಲೆಯ ಉಪ್ಪು ವಾಸನೆಗೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮೂರು ಬೆಳಕೆಯಲ್ಲಿ ಅದು ಏಪ್ರಿಲ್ ತಿಂಗಳ ಮಧ್ಯಾಹ್ನ. ನಮ್ಮ ನಾಯಿ ಕರಿಯ ನೀರಿನ ಬೋಗುಣಿಯ ಮುಂದೆ ಜೊಲ್ಲು ಸುರಿಸುತ್ತಾ ನಿಂತಿತ್ತು, ಕುಡಿಯುತ್ತಿರಲಿಲ್ಲ.

"ಬಿಸ್ಲಿಗೆ ಗಂಟ್ಲು ಒಣಗೀತು. ಕೈಯಲ್ಲಿ ಕುಡಿಸಿ," ಎಂದಳು ಅಜ್ಜಿ.

ನನಗೆ ಹೆದರಿಕೆಯಾಗಿ ತಂಗಿಯನ್ನು ಮುಂದೆ ತಳ್ಳಿದೆ. ಅವಳು ನೀರು ತುಂಬಿದ ಬೊಗಸೆ ಒಡ್ಡಿದಳು. ಕರಿಯ ನೆಕ್ಕಿತು, ನೀರು ಗಂಟಲಿಗೆ ಇಳಿಯದೆ ಹೊರಗೇ ಸುರಿಯಿತು.

ಬೀದಿನಾಯಿ ಹಿಡಿಯಲು ಬಂದಿದ್ದ ಪಂಚಾಯತಿಯ ಆಳು ಬೇಲಿಯಾಚೆಯಿಂದ ಕರಿಯನ ಜೊಲ್ಲು ಕಂಡ. "ಕೂಸೇ, ಓಡ್ಬೇಡ. ಮೆಲ್ಲ ಹಿಂದೆ ಬಾ," ಎಂದ. ಬೇಲಿಯ ಮೇಲೆ ಒಣಗುತ್ತಿದ್ದ ನಮ್ಮ ಬಲೆಯನ್ನೇ ಎಳೆದು ಕರಿಯನ ಮೇಲೆ ಬೀಸಿದ.

"ಎಂತ ಮಾಡ್ತೆ ಮಾರಾಯ? ಬಿಸ್ಲಿಗೆ ಹಂಗ್ ಮಾಡ್ತದೆ ಅದು."

"ಇದು ಬಿಸ್ಲಲ್ಲ ಅಮ್ಮಾ, ಹುಚ್ಚು."

ಅವನು ತಂಗಿಯ ಅಂಗೈ ತಿರುಗಿಸಿ ನೋಡಿದ. ಹಸಿ ಗೇರುಬೀಜದ ಸೊನೆ ತಾಗಿ ಚರ್ಮವೆಲ್ಲ ಸುಲಿದಿತ್ತು.

"ನಾಯಿ ನೆಕ್ಕಿತಾ?"

ಬೈಗುಳದ ಭಯಕ್ಕೆ ನಾನೇ ಮೊದಲು, "ಇಲ್ಲ," ಎಂದೆ.

ತಂಗಿ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಹೌದು," ಎಂದಳು.

ಅವನು ನನ್ನತ್ತ ತಿರುಗಿಯೂ ನೋಡದೆ ಸುಲಿದ ಚರ್ಮಕ್ಕೆ ಜೊಲ್ಲು ತಾಗಿದರೂ ಹುಚ್ಚು ಅಂಟುತ್ತದೆ ಎಂದು ಹೇಳಿ, ಕೈ ತೊಳೆಯಲು ಅಜ್ಜಿಯ ಹತ್ತಿರ ಸೋಪು ಕೇಳಿದ, ಭಟ್ಕಳದ ಆಸ್ಪತ್ರೆಗೆ ರಿಕ್ಷಾ ಕರೆಸಿ ಎಂದ.