ಹಸಿರಾಗದ ದೀಪ

“ತಿಳೀತು ಅಂತ ಬರೇ ಬಾಯಿಲೆ ಅಂದ್ರ ಸಾಲದಲೇ, ತಲೀಗೆ ಹೋಗಬೇಕು.” ಹವಾಲ್ದಾರ ಫಕ್ಕೀರಪ್ಪ ಲಾಕಪ್ಪಿನ ಸರಳು ಗುದ್ದಿದ.

“ತಲೀಗೇ ಹೋಗವಲ್ದು, ಏನ್ಮಾಡ್ಲಿ?” ಒಳಗಿದ್ದ ದ್ಯಾಮಣ್ಣನೂ ಅಷ್ಟೇ ಜೋರಾಗಿ ಅಂದ.

ಟಗರು ಕದ್ದ ಅನುಮಾನದ ಮೇಲೆ ಅವನನ್ನು ಸೋಮವಾರ ಹಿಡಿದು ತಂದಿದ್ದರು. ಅಂದಿನಿಂದ ಗೋಡೆಗೆ ಜಡಿದಿದ್ದ ಮಾತಾಡುವ ಯಂತ್ರದ ಪೆಟ್ಟಿಗೆ ಅವನ ಹಕ್ಕುಗಳನ್ನು ಕಚೇರಿ ಕನ್ನಡದಲ್ಲಿ ಓದುತ್ತಲೇ ಇತ್ತು. ಆರೋಪಿಗೆ ನಿಜಕ್ಕೂ ಅರ್ಥವಾದರೆ ಮಾತ್ರ ಅದರ ದೀಪ ಹಸಿರಾಗುವುದು. ಅಲ್ಲಿಯವರೆಗೆ ಪೊಲೀಸರು ಒಂದು ಪ್ರಶ್ನೆಯನ್ನೂ ಕೇಳುವಂತಿಲ್ಲ. ಬಾಗಿಲ ಬೀಗವೂ ಆ ಪೆಟ್ಟಿಗೆಯ ಮಾತನ್ನೇ ಕೇಳುತ್ತಿತ್ತು.

“‘ದಂಡಾಧಿಕಾರಿಗಳ ಸಮಕ್ಷಮ ಹಾಜರುಪಡಿಸತಕ್ಕದ್ದು’ ಅಂದ್ರ ಏನ್ರೀ?” ದ್ಯಾಮಣ್ಣ ಕೇಳಿದ.

ಫಕ್ಕೀರಪ್ಪನ ತಾಳ್ಮೆ ಮುಗಿಯಿತು. “ಏ ಕತ್ತಿಮಗನ, ಹಿಡಿದ ಮ್ಯಾಲ ಒಂದು ದಿನದಾಗ ನಿನ್ನ ಜಡ್ಜ್ ಮುಂದ ನಿಲ್ಲಸಬೇಕು. ಇಲ್ಲಾಂದ್ರ ಒಳಗ ಇಟ್ಕೊಳ್ಳಾಂಗಿಲ್ಲ. ಈಗರ ತಿಳೀತೇನು?”

“ಇವತ್ತು ಯಾವ ವಾರ್ರೀ?”

“ಗುರುವಾರ.”

ದೀಪ ಹಸಿರಾಯಿತು. ಬೀಗ ತಾನಾಗಿ ಬಿಚ್ಚಿಕೊಂಡಿತು. ದ್ಯಾಮಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

“ಕುಂದ್ರಲೇ, ಟಗರು ಎಲ್ಲೈತಿ ಹೇಳಿ ಹೋಗು.”

ಸುಮ್ಮನಿರುವುದೂ ತನ್ನ ಹಕ್ಕೆಂದು ಪೆಟ್ಟಿಗೆ ಓದಿದ್ದೂ ಅವನಿಗೆ ಈಗ ತಿಳಿದಿತ್ತು. ಚಪ್ಪಲಿ ಮೆಟ್ಟಿ, ಒಂದು ಮಾತೂ ಆಡದೆ ಠಾಣೆಯ ಮೆಟ್ಟಿಲಿಳಿದು ಹೋದ. ಮತ್ತೆ ಬರಲಿಲ್ಲ.