ಎಲ್ಲ ಅಳಿಸಬೇಕೇ?

ಅತ್ತಿಗೆ ಮೈದುನನ ಜುಟ್ಟು ಹಿಡಿದು ಅವನ ಮುಖವನ್ನು ಕೀಬೋರ್ಡಿಗೆ ಅಪ್ಪಳಿಸಿದಳು. ಆಸ್ಪತ್ರೆಯ ಸರ್ವರ್ ಕೋಣೆಯ ಬಾಗಿಲಿನಿಂದಲೇ ಕೂಗಿಕೊಂಡು ಬಂದಿದ್ದಳು. ಫ್ಯಾನುಗಳ ಭೋರ್ಗರೆತದಲ್ಲಿ ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಪರದೆಯ ಮೇಲೆ ‘ಈ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಬೇಕೇ?’ ಎಂಬ ಪ್ರಶ್ನೆ, ಮೌಸಿನ ಮೇಲೆ ಅವನ ಕೈ. ಅವಳಿಗೆ ಕಂಡದ್ದು ಅಷ್ಟೇ.

ಅವಳದು ದಾಖಲೆಗಳನ್ನು ಇಡುವ ಡಿಸ್ಕುಗಳ ಕೆಲಸ, ಅವನದು ಸರ್ವರುಗಳದ್ದು. ಹೊಸದಾಗಿ ತಂದ ಸರ್ವರುಗಳೆಲ್ಲ ಹಂಚಿಕೊಳ್ಳಲು ಅವಳು ಒಂದು ಖಾಲಿ ಡಿಸ್ಕ್ ಕೊಡಬೇಕಿತ್ತು. ಅವಸರದಲ್ಲಿ ಕೊಟ್ಟದ್ದು ಆಸ್ಪತ್ರೆಯ ರೋಗಿಗಳ ದಾಖಲೆಯೆಲ್ಲ ತುಂಬಿದ್ದ ಡಿಸ್ಕನ್ನು. ಅದು ಹೊಳೆದದ್ದು ಈಗ, ಊಟದ ಡಬ್ಬಿ ತೆರೆಯುವಾಗ. ತಪ್ಪು ತನ್ನದೇ ಎಂದು ಗೊತ್ತಿದ್ದುದಕ್ಕೇ ಏಟು ಇನ್ನಷ್ಟು ಜೋರಾಗಿತ್ತು.

“ಕಣ್ಣು ಎಲ್ಲಿಟ್ಕೊಂಡಿದ್ದೀಯೋ? ನಿನ್ನನ್ನ ಇಲ್ಲಿ ಕೆಲಸಕ್ಕೆ ಸೇರಿಸಿದ್ನಲ್ಲ, ನನ್ನ ಬುದ್ಧಿಗಿಷ್ಟು!” ಎನ್ನುತ್ತ ಕುರ್ಚಿಯನ್ನು ಒದ್ದಳು. ಅವನು ಕುರ್ಚಿಯ ಸಮೇತ ಉರುಳಿದ. ಏಳಲು ಹೊರಟವನ ಪಕ್ಕೆಗೆ ಇನ್ನೊಂದು ಬಿತ್ತು.

ಅವನು ಬಾಯಿಗೆ ಕೈ ಅಡ್ಡ ಹಿಡಿದ. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೂ ಇಳಿಯಿತು. “ಅತ್ತಿಗೆ, ಹೊಡೀಬೇಡಿ... ನೀವು ಹೇಳಿದ ಸೈಜ್‌ಗೂ ಈ ಡಿಸ್ಕಿಗೂ ತಾಳೆ ಆಗ್ಲಿಲ್ಲ. ‘ಬೇಡ’ ಅಂತ ಒತ್ತಿ, ನಿಮ್ಮನ್ನೇ ಬಂದು ಕೇಳೋಣ ಅಂತಿದ್ದೆ.”

ಎತ್ತಿದ ಕಾಲನ್ನು ಅವಳು ಮೆಲ್ಲಗೆ ಇಳಿಸಿದಳು. ತಿರುಗಿ ಪರದೆ ನೋಡಿದಳು. ಪ್ರಶ್ನೆ ಅಲ್ಲಿರಲಿಲ್ಲ, ‘ಅಳಿಸಲಾಗಿದೆ’ ಎಂದಿತ್ತು. ಅದರ ಕೆಳಗೆ, ಕೀಬೋರ್ಡಿನ ಎಂಟರ್ ಗುಂಡಿಯ ಮೇಲೆ, ಅವನ ಮುರಿದ ಹಲ್ಲು ಬಿದ್ದಿತ್ತು.